ಅಣ್ಣನ ಆಟ, ಮಾವನ ಹರಕೆ

ನನ್ನ ಅಣ್ಣ ಜಯರಾಮನ ಉತ್ತರಕ್ರಿಯೆಯ ದಿನ ಊಟಕ್ಕೆ ಮೊದಲು ನುಡಿನಮನ ಇಟ್ಟಿದ್ದರು. ಈಚೆಗೆ ನಮ್ಮ ಕಡೆ ಇದೊಂದು ಕ್ರಮವಾಗಿದೆ. ಫೋಟೋಕ್ಕೆ ಹಾರ ಹಾಕಿ, ದೀಪ ಹಚ್ಚಿ, ಹೋದವರನ್ನು ಬಲ್ಲವರು ಮೈಕ್ ಹಿಡಿದು ಮಾತಾಡುತ್ತಾರೆ. ಒಬ್ಬರು ಅಣ್ಣನ ಸಜ್ಜನಿಕೆಯ ಬಗ್ಗೆ ಹೇಳಿದರು, ಇನ್ನೊಬ್ಬರು ಅವನು ಯಾರಿಗೂ ಎದುರು ಮಾತಾಡಿದವನಲ್ಲ ಎಂದರು. ಆಮೇಲೆ ಗೋಪಾಲ ಎದ್ದರು. ಕಾಲೇಜಿನಲ್ಲಿ ಅಣ್ಣನ ಜೊತೆ ಕಲಿತವರು, ಅಣ್ಣ ಗೋಲು ಕಾಯುತ್ತಿದ್ದ ಫುಟ್ಬಾಲ್ ಪಂದ್ಯವೆಂದರೆ ಗಂಟಲು ಹರಿಯುವವರೆಗೆ ಕೂಗುತ್ತಿದ್ದವರು, ಈಗ ಊರಿನಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥವರು. ಅವರು ಹೇಳಿದರು:

“ಜಯರಾಮ ಒಳ್ಳೆ ಗೋಲಿ, ಅಲ್ಲ ಅಂತ ಹೇಳುದಿಲ್ಲ. ಆದ್ರೆ ಆ ದಿನ ಆ ಮಳೆಯಲ್ಲಿ ಸುಳ್ಯದವರ ಎದುರು ನಾವು ಗೆದ್ದದ್ದು ಅವನ ಮಾವನ ಹರಕೆಯಿಂದ. ಅದು ಇಡೀ ಪುತ್ತೂರಿಗೆ ಗೊತ್ತುಂಟು.”

ಕೂತವರು ತಲೆಯಾಡಿಸಿದರು. ಹಿಂದಿನ ಸಾಲಿನ ಮುದುಕರೊಬ್ಬರು, ಹೌದು ಹೌದು, ಏನು ಹರಕೆ ಅದು, ಎಂದರು. ನಾನು ಎದುರಿನ ಕುರ್ಚಿಯಲ್ಲಿ ಕೂತಿದ್ದೆ. ಎಸ್ಸೆಸ್ಸೆಲ್ಸಿಗೆ ಶಾಲೆ ನಿಲ್ಲಿಸಿದವಳು ನಾನು. ಮೈಕಿನ ಮುಂದೆ ನಿಂತು ಗೊತ್ತಿಲ್ಲ, ನಿಲ್ಲಲೂ ಇಲ್ಲ. ಆದರೆ ಮನೆಗೆ ಬಂದ ಮೇಲೆ ಅಳುವುದಕ್ಕೂ ಆಗಲಿಲ್ಲ, ಅಷ್ಟು ಸಿಟ್ಟು ಬಂದಿತ್ತು. ಸತ್ತವನ ಫೋಟೋದ ಎದುರು ನಿಂತು, ಅವನ ಕೈಯಿಂದ ಆದ ಕೆಲಸವನ್ನು ಇನ್ನೊಬ್ಬರ ಬಾಯಿಗೆ ಕೊಟ್ಟುಬಿಟ್ಟರಲ್ಲ! ಬದುಕಿದ್ದಷ್ಟು ಕಾಲ ಕೊಟ್ಟದ್ದು ಸಾಲಲಿಲ್ಲವೆ? ಹಾಗಾಗಿ ನಮ್ಮ ಆ ಮನೆಯ ಬಗ್ಗೆ, ಆ ಮಳೆಗಾಲದ ಬಗ್ಗೆ ನನಗೆ ಗೊತ್ತಿದ್ದಷ್ಟನ್ನು ಬರೆಯುತ್ತೇನೆ.

ನಾವು ಬೆಳೆದದ್ದು ಪುತ್ತೂರಿನಲ್ಲಿ, ಬಸ್‌ಸ್ಟ್ಯಾಂಡಿಗೆ ಹತ್ತಿರ, ಹಿಟ್ಟಿನ ಗಿರಣಿಯೊಂದರ ಬೆನ್ನಿಗೆ ಅಂಟಿಕೊಂಡಿದ್ದ ಬಾಡಿಗೆ ಮನೆಯಲ್ಲಿ. ಗಿರಣಿಗೂ ನಮ್ಮ ನಡುಕೋಣೆಗೂ ಒಂದೇ ಗೋಡೆ. ಗಿರಣಿ ಓಡುವಾಗ ಆ ಗೋಡೆಗೆ ಬೆನ್ನು ಕೊಟ್ಟರೆ ಹಲ್ಲುಗಳು ಕೂಡ ನಡುಗುತ್ತಿದ್ದವು. ಮೆಣಸಿನ ಹುಡಿ ಮಾಡುವ ದಿನ ಮನೆಮಂದಿಯೆಲ್ಲ ಸೀನಿ ಸೀನಿ ಸುಸ್ತಾಗುತ್ತಿದ್ದೆವು. ಎದುರಿಗೆ ಸಣ್ಣ ಚಾವಡಿ. ಅಲ್ಲಿ ಅಮ್ಮ ಮತ್ತು ಅಜ್ಜಿ ಹಗಲಿಡೀ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ಮೊರ, ಮೊರದಲ್ಲಿ ಹೊಗೆಸೊಪ್ಪಿನ ಹುಡಿ, ನೆನೆಹಾಕಿದ ಎಲೆ, ಕತ್ತರಿ, ನೂಲು. ಶಾಲೆಯಿಂದ ಬಂದ ಮೇಲೆ ನಾನೂ ಕೂರುತ್ತಿದ್ದೆ. ನಮ್ಮ ಬಟ್ಟೆಗೂ ಚಾಪೆಗೂ ನನ್ನ ತಲೆಕೂದಲಿಗೂ ಒಂದೇ ವಾಸನೆ. ಹಿಂದೆ ಅಡುಗೆಮನೆ, ಅದರಾಚೆ ಬಚ್ಚಲು. ಮಳೆಗಾಲದಲ್ಲಿ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಅಣ್ಣನ ಆಟದ ಬಟ್ಟೆ ಒಣಗಿಸುತ್ತಿದ್ದೆವು. ಅದು ಒಣಗುತ್ತಿರಲಿಲ್ಲ, ಹೊಗೆ ಕುಡಿದು ಬೆಚ್ಚಗಾಗುತ್ತಿತ್ತು ಅಷ್ಟೆ. ಬೆಳಿಗ್ಗೆ ಗಂಜಿ, ಒಣಮೀನಿನ ಚಟ್ನಿ; ರಾತ್ರಿ ಕುಚ್ಚಲಕ್ಕಿ ಅನ್ನ, ಹುರುಳಿ ಸಾರು; ಬಂಗುಡೆ ಮೀನು ಸಿಕ್ಕಿದ ದಿನ ಎಲ್ಲರ ಸ್ವರ ಸ್ವಲ್ಪ ಏರುತ್ತಿತ್ತು.

ಮನೆಯ ಯಜಮಾನರು ತಿಮ್ಮಪ್ಪ ಮಾವ, ಅಮ್ಮನ ಅಣ್ಣ. ನಮ್ಮ ಅಪ್ಪ ನಾನು ಕೈಗೂಸಾಗಿದ್ದಾಗಲೇ ಹೋದರು. ನಮ್ಮದು ಅಳಿಯಕಟ್ಟಿನ ಕುಟುಂಬ. ತಂಗಿಯ ಮಕ್ಕಳ ಮೇಲೆ ಮಾವನಿಗೆ ತಂದೆಗಿಂತ ಒಂದು ಕೈ ಹೆಚ್ಚಿನ ಅಧಿಕಾರ. ಮಾವ ಮದುವೆಯಾಗಲಿಲ್ಲ, ನಮ್ಮನ್ನೇ ಸಾಕಿದರು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕಡಬದ ಕಡೆ ನಮಗೆ ಗದ್ದೆಗಳಿದ್ದವು, ಭೂಮಸೂದೆ ಬಂದಾಗ ಉಳುವವರಿಗೆ ಹೋದವು. ಆಮೇಲೆ ಮಾವ ಅಜ್ಜಿಯನ್ನೂ ನಮ್ಮನ್ನೂ ಕರೆದುಕೊಂಡು ಪುತ್ತೂರಿಗೆ ಬಂದು ಬಸ್ ಏಜೆಂಟರಾದರು. ಬಸ್ಸಿನ ಬಾಗಿಲಲ್ಲಿ ನಿಂತು “ಸುಳ್ಯ ಸುಳ್ಯ ಸುಳ್ಯ!” ಎಂದು ಜನ ಕರೆಯುವುದು, ಸಾಮಾನು ಹತ್ತಿಸುವುದು, ಹೊರಡುವ ಹೊತ್ತಿಗೆ ಬಸ್ಸಿನ ಬದಿಗೆ ಎರಡು ಪೆಟ್ಟು ಹೊಡೆಯುವುದು. ಕಡಬದ ಊರಿನಲ್ಲಿ ಅವರ ಮಾತಿಗೆ ಬೆಲೆಯಿತ್ತು. ಪುತ್ತೂರಿನಲ್ಲಿ ಸ್ವರಕ್ಕೆ ಮಾತ್ರ. ಇದು ಅವರನ್ನು ಒಳಗೊಳಗೇ ತಿನ್ನುತ್ತಿತ್ತೆಂದು ಈಗ ಅನಿಸುತ್ತದೆ. ಹಾಗೆಂದು ಅವರು ಮಾಡಿದ್ದು ಸರಿಯಾಗುವುದಿಲ್ಲ.

ಅಣ್ಣನ ಕೈಗಳು ಪಳಗಿದ್ದು ಆ ಬಸ್‌ಸ್ಟ್ಯಾಂಡಿನಲ್ಲೇ. ಆಗ ಸಾಮಾನೆಲ್ಲ ಬಸ್ಸಿನ ತಲೆಯ ಮೇಲೆ. ರಜೆಯ ದಿನಗಳಲ್ಲಿ ಅಣ್ಣ ಕೆಳಗೆ ನಿಂತು ಮೇಲಿನಿಂದ ಬಿಡುವ ಗಂಟು, ಚೀಲ, ಹಲಸಿನಕಾಯಿ ಎಲ್ಲವನ್ನೂ ಹಿಡಿದು ಇಳಿಸುತ್ತಿದ್ದ. ಮಳೆಗೆ ಒದ್ದೆಯಾದ ಹಲಸಿನಕಾಯಿ ಹಿಡಿದವನಿಗೆ ಫುಟ್ಬಾಲ್ ಯಾವ ಲೆಕ್ಕ ಎಂದು ಅವನೇ ನಗುತ್ತಿದ್ದ. ಕಾಲೇಜು ಸೇರಿದ ವರ್ಷವೇ ತಂಡದ ಗೋಲಿಯಾದ. ಮಾವನಂಥ ಅಭಿಮಾನಿ ಇನ್ನೊಬ್ಬರಿರಲಿಲ್ಲ. ಪಂದ್ಯದ ದಿನ ಬೇರೆ ಯಾರಿಗಾದರೂ ಬಸ್ ಒಪ್ಪಿಸಿ ಕೊಡೆ ಹಿಡಿದು ಗ್ರೌಂಡಿಗೆ ಬರುವರು. ಗೋಲಿನ ಹಿಂದೆಯೇ ನಿಂತು, ಬಲಕ್ಕೆ ಹೋಗು, ಎದ್ದೇಳು, ಒದೆ ಎಂದು ಇಡೀ ಆಟ ಅವರೇ ಆಡುವರು. ಮನೆಗೆ ಬಂದು ಊಟಕ್ಕೆ ಕೂತರೂ ಮುಗಿಯುತ್ತಿರಲಿಲ್ಲ.

“ಆ ಎರಡನೇ ಬಾಲ್ ನೀನು ಮುಷ್ಟಿಯಲ್ಲಿ ಗುದ್ದಿದ್ದು ಎಂತಕ್ಕೆ? ಹಿಡಿಬೇಕಿತ್ತು.”

“ಜಾರ್ತಿತ್ತು ಮಾವ.”

“ಜಾರುದು ಎಂತ? ಅವತ್ತು ಬೆಲ್ಲದ ಡಬ್ಬಿ ಹಿಡಿಲಿಲ್ವಾ ನೀನು?”

ಅಜ್ಜಿ ಅಡುಗೆಮನೆಯಿಂದಲೇ ಹೇಳುವಳು: “ಏ ತಿಮ್ಮಪ್ಪ, ಹುಡುಗ ಉಣ್ಲಿ. ಅಷ್ಟು ಗೊತ್ತಿದ್ರೆ ನೀನೇ ಚಡ್ಡಿ ಹಾಕಿ ನಿಲ್ಲು.”

ಆಗ ಮಾವನೂ ನಗುವರು. ನಾವು ಮನೆಯಲ್ಲಿ ಆಡುತ್ತಿದ್ದುದು ತುಳು. ಕನ್ನಡಕ್ಕೆ ತರುವಾಗ ಆ ನಗುವಿನ ಬಿಸಿ ಸ್ವಲ್ಪ ಹೋಗಿರಬಹುದು.

ಆ ಪಂದ್ಯ ನಡೆದದ್ದು ಆಟಿ ತಿಂಗಳಲ್ಲಿ, ಬಿಡದೆ ಹೊಯ್ಯುವ ಮಳೆಯಲ್ಲಿ. ಆಟಿಯಲ್ಲಿ ನಮ್ಮವರು ಮದುವೆ ಮಾಡುವುದಿಲ್ಲ, ದೈವದ ಕೋಲ ಕಟ್ಟುವುದಿಲ್ಲ, ಹರಕೆ ಒಪ್ಪಿಸುವುದಿಲ್ಲ. ಆ ಒಂದು ತಿಂಗಳು ದೈವಗಳು ಊರು ಬಿಟ್ಟು ಘಟ್ಟದ ಮೇಲೆ ಹೋಗಿರುತ್ತವೆ ಎಂದು ನಂಬಿಕೆ. ಕಾಲೇಜುಗಳ ಫುಟ್ಬಾಲಿಗೆ ಮಾತ್ರ ಅದೇ ತಿಂಗಳು ಬೇಕು. ನಮ್ಮ ಕಾಲೇಜಿಗೂ ಸುಳ್ಯದವರಿಗೂ ಅಂತಿಮ ಪಂದ್ಯ. ಈ ಪಂದ್ಯದಲ್ಲಿ ಚೆನ್ನಾಗಿ ಆಡಿದವರನ್ನು ವಿಶ್ವವಿದ್ಯಾನಿಲಯದ ತಂಡದ ಆಯ್ಕೆಗೆ ಮಂಗಳೂರಿಗೆ ಕಳಿಸುತ್ತಾರೆಂದು ಪಿ.ಟಿ. ಮಾಸ್ಟ್ರು ಹೇಳಿದ್ದರು. ಅಣ್ಣನಿಗೆ ಬೇರೇನೂ ಬೇಕಿರಲಿಲ್ಲ. ಆ ವಾರ ಅವನು ಊಟದ ತಟ್ಟೆಯ ಮುಂದೆ ಕೂತು ಬೆರಳುಗಳನ್ನು ಬಿಚ್ಚುವುದು ಮಡಚುವುದು ಮಾಡುತ್ತಿದ್ದುದು ನನಗೆ ನೆನಪಿದೆ. ನನಗಾಗ ಹೈಸ್ಕೂಲಿನ ವಯಸ್ಸು. ಪಂದ್ಯ ನೋಡಲು ಮಾವನ ಕೊಡೆಯಡಿ ನಾನೂ ಹೋಗಿದ್ದೆ.

ಗ್ರೌಂಡ್ ಅಂದರೆ ಕೆಸರುಗದ್ದೆ. ಗೆರೆ ಎಳೆದ ಸುಣ್ಣ ಬೆಳಿಗ್ಗೆಯೇ ಕರಗಿತ್ತು. ಚೆಂಡು ನೀರು ಕುಡಿದು ಭಾರವಾಗಿ, ಒದ್ದರೆ ಮುಂದೆ ಹೋಗದೆ ಹೊಂಡದಲ್ಲಿ ಕೂತುಬಿಡುತ್ತಿತ್ತು. ನಮ್ಮವರ ಒಂದು ಗೋಲು ಹೇಗೋ ಆಯಿತು, ಸುಳ್ಯದ ಹುಡುಗನೊಬ್ಬ ಜಾರಿ ಬಿದ್ದ ಸಂದಿಯಲ್ಲಿ. ಆಮೇಲೆ ಇಡೀ ಹೊತ್ತು ಆಟ ನಡೆದದ್ದು ಅಣ್ಣನ ಮುಂದೆಯೇ. ಅವನು ಬಿದ್ದ, ಎದ್ದ, ಮತ್ತೆ ಬಿದ್ದ. ಮುಖದಲ್ಲಿ ಕಣ್ಣು ಬಿಟ್ಟರೆ ಮಿಕ್ಕದ್ದೆಲ್ಲ ಕೆಸರು. ಅಷ್ಟಾದರೂ ಸುತ್ತ ನಿಂತ ನಮ್ಮವರ ಬಾಯಲ್ಲಿ ಬರುತ್ತಿದ್ದುದೇನು? ಗೋಪಾಲರ ಗುಂಪು ಒಂದೇ ಸಮ ಬೈಯುತ್ತಿತ್ತು: ಎಂತ ಮಾರಾಯ, ಒಂದೇ ಗೋಲಾ, ನಾಚಿಕೆ ಇಲ್ವಾ, ಮುಂದೆ ಹೋಗಿ ಸಾಯಿರಿ. ಕೊಡೆಯಡಿ ನಿಂತವರಿಗೆ ಮಳೆಯಲ್ಲಿ ನಿಂತವರು ಯಾವತ್ತೂ ಸಾಲುವುದಿಲ್ಲ.

ಮುಗಿಯಲು ಇನ್ನೇನು ಸ್ವಲ್ಪವಿದೆ ಎನ್ನುವಾಗ ಅಣ್ಣನ ಗೋಲಿನ ಮುಂದಿನ ಹೊಂಡದಲ್ಲಿ ನಿಂತ ಚೆಂಡಿಗೆ ನಮ್ಮ ಹುಡುಗನೊಬ್ಬನ ಕೈ ತಾಗಿತು. ಸೀಟಿ ಊದಿದರು. ಪೆನಾಲ್ಟಿ. ಹೊಡೆಯಲು ಬಂದವನು ಐವರ್ನಾಡಿನ ಕುಶಾಲಪ್ಪ, ಉದ್ದ ಕಾಲಿನ ಹುಡುಗ. ಅವನು ಚೆಂಡಿನ ಕೆಳಗಿನ ಕೆಸರು ಬಳಿದು, ಗಟ್ಟಿ ಮಣ್ಣು ಹುಡುಕಿ ತಂದು ಹಾಕಿ, ಚೆಂಡನ್ನು ಇಡುತ್ತಿದ್ದ. ಜನ ಒಮ್ಮೆಲೇ ಸುಮ್ಮನಾದರು. ಆ ಮೌನದಲ್ಲಿ ಮಾವ ಕೊಡೆಯನ್ನು ನನ್ನ ಕೈಗೆ ತುರುಕಿ, ಎರಡು ಕೈ ಎತ್ತಿ ಜೋಡಿಸಿ, ಬಸ್‌ಸ್ಟ್ಯಾಂಡಿನ ಸ್ವರದಲ್ಲಿ ಕೂಗಿದರು:

“ಸ್ವಾಮಿ ದೈವವೇ! ಈ ಒಂದು ಬಾಲ್ ನನ್ನ ಹುಡುಗ ಹಿಡಿಯಲಿ! ಹಿಡಿದ್ರೆ ಇನ್ನು ಈ ಜನ್ಮದಲ್ಲಿ ಅವನು ಚೆಂಡು ಮುಟ್ಟುದಿಲ್ಲ! ಇದು ನನ್ನ ಹರಕೆ!”

ಹರಕೆ ಎಂದರೆ ತನಗೆ ಪ್ರಿಯವಾದದ್ದನ್ನು ಬಿಡುತ್ತೇನೆಂದು ಹೇಳುವುದು. ನಮ್ಮಲ್ಲಿ ಒಬ್ಬರು ಮೀನು ಬಿಡುತ್ತಾರೆ, ಒಬ್ಬರು ಎಲೆಯಡಿಕೆ ಬಿಡುತ್ತಾರೆ. ಮಾವನಿಗೆ ಎಲೆಯಡಿಕೆ ಇತ್ತು, ಕೋಳಿಅಂಕ ಇತ್ತು, ಹೊತ್ತು ಹೊತ್ತಿಗೆ ಹೋಟೆಲಿನ ಚಹಾ ಇತ್ತು. ಅದು ಯಾವುದೂ ಅವರ ಬಾಯಿಗೆ ಬರಲಿಲ್ಲ. ಅವರಿಗೆ ಲೋಕದಲ್ಲಿ ಎಲ್ಲಕ್ಕಿಂತ ಪ್ರಿಯವಾದದ್ದು ಅಣ್ಣನ ಆಟ, ಅದು ಸುಳ್ಳಲ್ಲ. ಆದರೆ ಪ್ರಿಯವಾದದ್ದೆಲ್ಲ ನಮ್ಮದಾಗುತ್ತದೆಯೆ? ಇನ್ನೊಬ್ಬನ ಕೈಕಾಲನ್ನು ಅವನ ಎದುರಿಗೇ ಎತ್ತಿ ಕೊಟ್ಟುಬಿಡಲು ಇವರು ಯಾರು?

ಅಣ್ಣ ಒಮ್ಮೆ ನಾವು ನಿಂತ ಕಡೆ ತಿರುಗಿದ. ಮತ್ತೆ ಮುಂದೆ ನೋಡಿದ. ಕುಶಾಲಪ್ಪ ಓಡಿ ಬಂದು ಹೊಡೆದ. ಅಣ್ಣ ಎಡಕ್ಕೆ ಹಾರಿದ. ಕೆಸರು ಎದ್ದು ಏನೂ ಕಾಣಿಸಲಿಲ್ಲ. ಕಂಡಾಗ ಅವನು ಹೊಂಡದಲ್ಲಿ ಕವುಚಿ ಮಲಗಿದ್ದ, ಚೆಂಡು ಅವನ ಎದೆಯಡಿಯಲ್ಲಿತ್ತು. ಗುದ್ದಿದ್ದಲ್ಲ, ತಳ್ಳಿದ್ದಲ್ಲ. ಹಿಡಿದಿದ್ದ.

ಜನ ನುಗ್ಗಿದರು. ಗೋಪಾಲ ಮತ್ತು ಅವರ ಗೆಳೆಯರು ಓಡಿ ಬಂದು ಹೆಗಲ ಮೇಲೆ ಎತ್ತಿಕೊಂಡದ್ದು ಯಾರನ್ನು ಗೊತ್ತೆ? ಮಾವನನ್ನು. “ತಿಮ್ಮಪ್ಪಣ್ಣನಿಗೆ ಜೈ!” ಎಂದು ಕೂಗುತ್ತ, ಪಂಚೆ ನೆನೆದು ಕಾಲಿಗೆ ಅಂಟಿದ್ದ ಆ ಮನುಷ್ಯನನ್ನು ಹೊತ್ತು ಬಸ್‌ಸ್ಟ್ಯಾಂಡಿನವರೆಗೆ ಮೆರವಣಿಗೆ ಮಾಡಿದರು. ಅಂಗಡಿಯವರು ಹೊರಗೆ ಬಂದು ಕೈಮುಗಿದರು. ಅಣ್ಣ ಎದ್ದು, ಬಾಯೊಳಗಿನ ಮಣ್ಣು ಉಗುಳಿ, ನನ್ನ ಕೈಯಿಂದ ಕೊಡೆ ತೆಗೆದುಕೊಂಡು ಮಡಚಿದ. ನಾವಿಬ್ಬರೂ ನೆನೆಯುತ್ತ ಮನೆಗೆ ನಡೆದೆವು. 

ಸಂಜೆ ನಮ್ಮ ಚಾವಡಿ ತುಂಬ ಜನ. ಮೊರ ಎತ್ತಿಟ್ಟು ಅಮ್ಮ ಚಹಾ ಮಾಡಿದಳು, ಅಜ್ಜಿ ಬಾಳೆಕಾಯಿ ಪೋಡಿ ಕರಿದಳು. ಅಣ್ಣ ನಡುಕೋಣೆಯಲ್ಲಿ ಗಿರಣಿಯ ಗೋಡೆಗೆ ಒರಗಿ, ಊದಿದ ಭುಜಕ್ಕೆ ಬಿಸಿನೀರಿನ ಬಟ್ಟೆ ಒತ್ತಿಕೊಂಡು ಕೂತಿದ್ದ. ಬಂದವರು ಬಾಗಿಲಲ್ಲಿ ಇಣುಕಿ, ‘ಪುಣ್ಯವಂತ ಮಾರಾಯ ನೀನು, ಅಂಥ ಮಾವ’ ಎಂದು ಹೇಳಿ ಚಾವಡಿಗೆ ಹೋಗಿ ಕೂರುತ್ತಿದ್ದರು. ಒಂದೇ ಗೋಲಿನ ಗೆಲುವೆಂಬ ಬೇಸರ ಅವರಿಗೆ ಇನ್ನೂ ಹೋಗಿರಲಿಲ್ಲ. ಹರಕೆಯೊಂದು ಇಲ್ಲದಿದ್ದರೆ ಈ ಹುಡುಗರನ್ನು ನಂಬಿ ಮಾನ ಹೋಗುತ್ತಿತ್ತು ಎಂದು ಪೋಡಿ ತಿನ್ನುತ್ತ ಮಾತಾಡಿಕೊಂಡರು. ನಾನು ತಟ್ಟೆ ಹಿಡಿದು ಓಡಾಡುತ್ತಿದ್ದೆ. ಆ ತಟ್ಟೆಯನ್ನು ಅವರ ತಲೆಗೆ ಬಡಿಯಬೇಕು ಎಂದು ಆಗ ಅನಿಸಿದ್ದು ಈಗಲೂ ಅನಿಸುತ್ತದೆ.

ಅವರ ನಡುವೆ ಒದ್ದೆ ಬಟ್ಟೆಯಲ್ಲೇ ಒಬ್ಬ ಹುಡುಗ ಬಂದು ಮೆಟ್ಟಿಲಲ್ಲಿ ನಿಂತ. ಕುಶಾಲಪ್ಪ. ಸುಳ್ಯದ ಬಸ್ಸಿಗೆ ಇನ್ನೂ ಹೊತ್ತಿತ್ತಂತೆ. ಚಾವಡಿಯವರು ನಕ್ಕರು, ಒಬ್ಬರು, ‘ಏನು, ಬಾಲ್ ಹುಡುಕಿಕೊಂಡು ಬಂದದ್ದಾ?’ ಎಂದು ಕೆಣಕಿದರು. ಅವನು ಅವರ ಕಡೆ ನೋಡದೆ ನೇರ ಒಳಗೆ ಬಂದು ಅಣ್ಣನ ಎದುರು ಕುಕ್ಕರುಗಾಲಲ್ಲಿ ಕೂತ.

“ಒಂದು ಕೇಳ್ಬೇಕಿತ್ತು. ನಾನು ಆ ಬದಿಗೇ ಹೊಡೆಯುದು ಅಂತ ನಿನಗೆ ಹೇಗೆ ಗೊತ್ತಾಯ್ತು ಮಾರಾಯ?”

“ನೀನು ಊರಿದ ಕಾಲು ಜಾರ್ತಾ ಇತ್ತು. ಜಾರುವ ಕಾಲಲ್ಲಿ ನಿಂತು ಆಚೆ ಬದಿಗೆ ತಿರುಗಿಸ್ಲಿಕ್ಕೆ ಆಗುದಿಲ್ಲ.”

ಕುಶಾಲಪ್ಪ ತನ್ನ ಕಾಲನ್ನೇ ಸ್ವಲ್ಪ ಹೊತ್ತು ನೋಡಿದ. “ಹೌದಲ್ಲ,” ಎಂದ. “ನಾನು ಇಷ್ಟು ಜನರಿಗೆ ಹೊಡೆದಿದ್ದೇನೆ, ಹಿಡಿದವ ನೀನೇ. ಮಂಗ್ಳೂರಿಗೆ ಬರ್ತಿ ಅಲ್ವಾ? ನನ್ನ ಹೆಸರೂ ಉಂಟು.”

ಅಣ್ಣ ಬಟ್ಟೆಯನ್ನು ಬಿಸಿನೀರಿಗೆ ಅದ್ದಿ ಮತ್ತೆ ಭುಜಕ್ಕೆ ಒತ್ತಿಕೊಂಡ. ಅಮ್ಮ ಕುಶಾಲಪ್ಪನಿಗೆ ಬಿಸಿ ಚಹಾ ಕೊಟ್ಟಳು, ತಲೆ ಒರೆಸಲು ಬೈರಾಸು ಕೊಟ್ಟಳು. ಇಡೀ ದಿನದಲ್ಲಿ ಅಣ್ಣನ ಕೈಗಳ ಬಗ್ಗೆ ಮಾತಾಡಿದವನು ಆ ಸೋತ ಹುಡುಗನೊಬ್ಬನೇ.

ಜನ ಹೋದ ಮೇಲೆ ಊಟಕ್ಕೆ ಕೂತೆವು. ಅಮ್ಮ ಬಡಿಸುವ ಸೌಟನ್ನು ಕೆಳಗಿಟ್ಟು ನಿಂತಳು. ಅಮ್ಮ ಮಾವನ ಎದುರು ಸ್ವರ ಎತ್ತಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

“ಅಣ್ಣ, ನೀವು ಹೇಳಿದ್ದು ಬಾಯಿಮಾತಿಗೆ ಅಲ್ವಾ? ಹುಡುಗ ಮಂಗ್ಳೂರಿಗೆ ಹೋಗ್ಬೇಕು.”

“ಹರಕೆ ಬಾಯಿಮಾತಾ? ಎಂತ ಮಾತಾಡ್ತಿ?”

“ಆಟಿಯಲ್ಲಿ ದೈವ ಊರಲ್ಲೇ ಇಲ್ಲ. ಯಾರು ಕೇಳಿದ್ದು ನಿಮ್ಮ ಹರಕೆ?”

ಮಾವ ಕೈತುತ್ತು ಹಾಗೆಯೇ ಹಿಡಿದು ಹೇಳಿದರು: “ಊರು ಕೇಳಿದೆ.”

ನನಗೆ ಆ ಎರಡು ಶಬ್ದಗಳನ್ನು ಮರೆಯಲಾಗಿಲ್ಲ. ಅಜ್ಜಿ ಮಾವನಿಗೆ ಚೆನ್ನಾಗಿ ಬೈದಳು. “ಹರಕೆ ಹೇಳುವವ ತನ್ನದನ್ನು ಹೇಳ್ಬೇಕು. ನಿನಗೆ ಬಿಡ್ಲಿಕ್ಕೆ ಬೇರೆ ಎಂತದೂ ಇರ್ಲಿಲ್ವಾ ಮಗಾ? ನಿನ್ನ ನಾಲಗೆಯನ್ನೇ ಬಿಡ್ಬಹುದಿತ್ತು,” ಎಂದಳು. ಆದರೆ ಬೈದು ಮುಗಿಸಿ, ಅಣ್ಣನ ಕಡೆ ತಿರುಗಿ, ಹೆದರಿದ ದನಿಯಲ್ಲಿ, “ಆದ್ರೂ ಹೇಳಿ ಆಯ್ತಲ್ಲ ಮಗ. ಒಂದು ಇತ್ಯರ್ಥ ಆಗುವವರೆಗೆ ಮುಟ್ಟಬೇಡ,” ಎಂದಳು. ಅಣ್ಣ ಅನ್ನದ ತಟ್ಟೆ ನೋಡುತ್ತಿದ್ದ.

ಇತ್ಯರ್ಥ ಮಾಡಿಸಲು ಅಮ್ಮನೇ ಹೊರಟಳು. ನನ್ನನ್ನು ಕರೆದುಕೊಂಡು ಕಡಬದ ಬಸ್ಸು ಹತ್ತಿದಳು. ನಮ್ಮ ಕುಟುಂಬದ ದೈವದ ಚಾಕರಿ ಮಾಡುವ ಹಿರಿಯರು ಅಲ್ಲಿದ್ದರು. ಆಟಿಯಾದ್ದರಿಂದ ದೈವದ ಗುಡಿಯ ಬಾಗಿಲು ಹಾಕಿತ್ತು. ಅವರು ಅಂಗಳದ ಬದಿಯಲ್ಲಿ ಕೂತು ಬುಟ್ಟಿ ಹೆಣೆಯುತ್ತಿದ್ದರು. ಅಮ್ಮ ಹೇಳಿದ್ದನ್ನು ಪೂರ್ತಿ ಕೇಳಿ, ಸ್ವಲ್ಪ ನಕ್ಕರು.

“ಚೆಂಡಿನ ಆಟ ತಕ್ಕೊಂಡು ದೈವ ಎಂತ ಮಾಡ್ತದೆ ತಾಯಿ? ಅದೂ ಆಟಿಯಲ್ಲಿ. ದೈವಕ್ಕೆ ಇದು ಬೇಡ. ಆದ್ರೆ ಒಂದು ಕ್ರಮ ಉಂಟು. ಹೇಳಿದವನೇ ಬರ್ಬೇಕು. ಇಲ್ಲಿ ನಿಂತು ‘ನನ್ನ ಬಾಯಿ ತಪ್ಪಿತು’ ಅಂತ ನಾಲ್ಕು ಜನರ ಎದುರು ಹೇಳಿ, ಒಂದು ಸೀಯಾಳ ಇಡ್ಲಿ. ಅಲ್ಲಿಗೆ ಮುಗೀತು.”

“ನಾನು ಹೇಳಿದ್ರೆ ಆಗುದಿಲ್ವಾ? ನಾನು ಹೆತ್ತವಳು.”

“ನೀವು ಹೇಳಿದ್ದಲ್ಲವಲ್ಲ ತಾಯಿ.”

ಬರುವಾಗ ಬಸ್ಸಿನಲ್ಲಿ ಅಮ್ಮನ ಮುಖ ಎಷ್ಟು ಹಗುರಾಗಿತ್ತು! ಒಂದು ಸೀಯಾಳ, ಒಂದು ಮಾತು. ಮನೆಗೆ ಬಂದವಳೇ ಕಾಲು ಕೂಡ ತೊಳೆಯದೆ ಮಾವನಿಗೆ ಹೇಳಿದಳು. ಅಣ್ಣ ಬಚ್ಚಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಮಾವ ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತ ಕೂತರು. ಅಷ್ಟರಲ್ಲಾಗಲೇ ಪುತ್ತೂರು ಅವರನ್ನು ಬೇರೆ ಮನುಷ್ಯನನ್ನಾಗಿ ಮಾಡಿತ್ತು. ಹೋಟೆಲಿನವರು ಕರೆದು ಚಹಾ ಕೊಡುತ್ತಿದ್ದರು. ಡ್ರೈವರುಗಳು ಬಸ್ಸು ನಿಲ್ಲಿಸಿ ಹರಕೆಯ ಕಥೆ ಕೇಳುತ್ತಿದ್ದರು. ಗದ್ದೆ ಹೋದ ಮೇಲೆ ಮೊದಲ ಸಲ ಜನ ಅವರನ್ನು ‘ತಿಮ್ಮಪ್ಪಣ್ಣ’ ಎಂದು ಕರೆಯತೊಡಗಿದ್ದರು.

“ನಾಲ್ಕು ಜನರ ಎದುರು ಬಾಯಿ ತಪ್ಪಿತು ಹೇಳುದಾ?” ಎಂದರು ಕೊನೆಗೆ. “ನನ್ನ ಬಾಯಿ ತಪ್ಪಲಿಲ್ಲ. ಬಾಲ್ ಹಿಡಿಯಲಿಲ್ವಾ ಅವನು? ತಪ್ಪಿದ್ದಾದ್ರೆ ಹೇಗೆ ಹಿಡಿದ?”

ಅಮ್ಮ ಗೋಪಾಲರನ್ನು ಕರೆಸಿ ಕೇಳಿದಳು, ಮಾವನಿಗೆ ನೀನಾದರೂ ಹೇಳು ಎಂದು. ನಮ್ಮ ಮನೆಯ ಗಂಜಿ ಎಷ್ಟೋ ದಿನ ಉಂಡ ಹುಡುಗ ಅವರು. ಚಾವಡಿಯ ಕಂಬ ಹಿಡಿದು ನಿಂತು, “ಅದು ಬೇಡ ಅಮ್ಮ. ಹರಕೆ ಮುರಿದ್ರೆ ಮುಂದಿನ ವರ್ಷ ಕಪ್ ಹೋಗ್ತದೆ. ಜಯರಾಮ ಇಲ್ಲದಿದ್ರೆ ಬೇರೆ ಗೋಲಿ ಸಿಗ್ತಾನೆ,” ಎಂದರು. ಅಣ್ಣ ಅಲ್ಲೇ ಇದ್ದ. ಅವನ ಎದುರಿಗೇ ಹೇಳಿದರು.

ಮೊನ್ನೆ ಮೈಕ್ ಹಿಡಿದವರು ಇವರೇ.

ಆಯ್ಕೆಯ ದಿನ ಹತ್ತಿರ ಬಂದಾಗ ಪಿ.ಟಿ. ಮಾಸ್ಟ್ರೂ ಮನೆಗೆ ಬಂದು ಮಾವನನ್ನು ಬೇಡಿಕೊಂಡು ಹೋದರು. ಅಣ್ಣನಿಗೆ ಯಾರ ಮಾತೂ ಲೆಕ್ಕಿಸದೆ ಹೋಗಿಬಿಡಬಹುದಿತ್ತಲ್ಲ ಎಂದು ಈಗಿನ ಮಕ್ಕಳು ನನ್ನನ್ನು ಕೇಳುತ್ತಾರೆ. ನಾನೂ ಕೇಳಿದ್ದೆ. ಅವನು ಹೇಳಿದ್ದು ಇಷ್ಟು: “ನಾನು ಹೋಗಿ ಆಡ್ತೇನೆ ಅಂತ ಇಟ್ಕೊ. ನಾಳೆ ಅಜ್ಜಿಗೆ ಜ್ವರ ಬಂದ್ರೆ ನನ್ನಿಂದ. ಬಸ್ಸು ಗುಂಡಿಗೆ ಬಿದ್ರೆ ನನ್ನಿಂದ. ನಿನಗೆ ಸಂಬಂಧ ಕೂಡಿ ಬರದಿದ್ರೆ ಅದೂ ನನ್ನಿಂದ. ಎಷ್ಟು ಬಾಲ್ ಹಿಡಿಯುದು ನಾನು?”

ಊರಿನವರು ಅವನನ್ನು ಕಾಯುತ್ತಿದ್ದರು, ಬೆಳೆಗೆ ಹಂದಿ ಬಾರದ ಹಾಗೆ ಕಾಯುತ್ತಾರಲ್ಲ, ಹಾಗೆ. ಒಂದು ಸಂಜೆ ನಾನೂ ಅವನೂ ಗ್ರೌಂಡಿನ ಬದಿಯ ದಾರಿಯಲ್ಲಿ ಅಕ್ಕಿ ತರುತ್ತಿದ್ದೆವು. ಸಣ್ಣ ಹುಡುಗರ ಚೆಂಡೊಂದು ಉರುಳಿ ಬಂದು ಅವನ ಕಾಲ ಬಳಿ ನಿಂತಿತು. ಅಭ್ಯಾಸದಿಂದ ಅವನ ಬೆನ್ನು ಬಾಗಿತು. ಎದುರಿನ ಅಂಗಡಿಯ ಜಗಲಿಯಿಂದ ನಾಲ್ಕೈದು ಜನ ಒಟ್ಟಿಗೆ ಕೂಗಿದರು: “ಏ! ಮುಟ್ಟಬೇಡ! ಹರಕೆ ಹರಕೆ!” ಮತ್ತೆ ನಗು. ಕೆಟ್ಟ ನಗುವಲ್ಲ, ಅಕ್ಕರೆಯ ನಗು. ಅದೇ ನನಗೆ ಸಹಿಸಲಾಗದ್ದು. ತಾವು ಏನು ಕಿತ್ತುಕೊಂಡಿದ್ದೇವೆ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಅಣ್ಣ ನೆಟ್ಟಗಾಗಿ, ಚೆಂಡನ್ನು ದಾಟಿ ನಡೆದ. ಹುಡುಗನೊಬ್ಬ ಓಡಿ ಬಂದು ತೆಗೆದುಕೊಂಡು ಹೋದ. ಮುಂದೆ ಅಣ್ಣನಿಗೆ ಮಗ ಹುಟ್ಟಿ, ಆ ಮಗು ರಬ್ಬರ್ ಚೆಂಡು ಎಸೆದು ‘ಅಪ್ಪಾ ಹಿಡಿ’ ಎಂದಾಗಲೂ ಅವನು ಕೈ ಕಟ್ಟಿಕೊಂಡು ನಗುತ್ತಿದ್ದುದನ್ನು ನಾನು ನೋಡಿದ್ದೇನೆ. ಮಾವ ಮಾತ್ರ ಮುಂದಿನ ಪ್ರತಿ ಆಟಿಯಲ್ಲೂ ಕೊಡೆ ಹಿಡಿದು ಗ್ರೌಂಡಿಗೆ ಹೋದರು. ಹೊಸ ಗೋಲಿಗೆ ಬಲಕ್ಕೆ ಹೋಗು ಎಡಕ್ಕೆ ಹೋಗು ಎಂದರು. ಮುಟ್ಟುವುದಿಲ್ಲ ಎಂಬ ಹರಕೆಯಲ್ಲಿ ನೋಡುವುದು ಸೇರಿರಲಿಲ್ಲವಲ್ಲ. ಎಲೆಯಡಿಕೆಯನ್ನು ಕೊನೆಯವರೆಗೂ ಬಿಡಲಿಲ್ಲ.

ನನ್ನನ್ನು ಬೆಳೆಸಿದ್ದು ಆ ಮನೆಯೇ. ಅನ್ನ ಹಾಕಿದ ಕೈ ಏನು ಕಿತ್ತುಕೊಂಡರೂ ಸುಮ್ಮನಿರಬೇಕೆಂದು ಅಲ್ಲಿ ಕಲಿಸಿದರು. ನಾನು ಸುಮ್ಮನಿರುವುದನ್ನು ಕಲಿತೆ, ಒಪ್ಪಿಕೊಳ್ಳುವುದನ್ನು ಕಲಿಯಲಿಲ್ಲ. ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟುವ ಕಡೆ ಇವತ್ತಿಗೂ ನನ್ನ ಕೈ ಮೇಲೇಳುವುದಿಲ್ಲ. ಯಾರನ್ನು ಹೊತ್ತಿದ್ದಾರೆ, ಯಾರು ಕೆಸರಲ್ಲಿದ್ದಾರೆ ಎಂದು ಮೊದಲು ನೋಡುತ್ತೇನೆ.

ಆಯ್ಕೆಯ ದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಗಿರಣಿ ಇನ್ನೂ ಶುರುವಾಗಿರಲಿಲ್ಲ. ಮಂಗಳೂರಿನ ಬಸ್ಸಿಗೆ ಜನ ಕರೆಯುವ ಮಾವನ ಸ್ವರ ಚಾವಡಿಗೆ ಕೇಳುತ್ತಿತ್ತು. ತಂಡದ ಇಬ್ಬರು ಹುಡುಗರು ಚೀಲ ಹಿಡಿದು ನಮ್ಮ ಮನೆಯ ಮುಂದಿನಿಂದಲೇ ಹೋದರು. ಒಬ್ಬ ಕೈ ಎತ್ತಿದ, ಇನ್ನೊಬ್ಬ ಬೇರೆ ಕಡೆ ನೋಡಿದ. ಅಣ್ಣ ಗಂಜಿ ಕುಡಿದು ಬಂದು ಅಮ್ಮನ ಪಕ್ಕ ಕೂತ. ಅವಳ ಮಡಿಲಿನಿಂದ ಕತ್ತರಿ ತೆಗೆದುಕೊಂಡು ಎಲೆ ಕತ್ತರಿಸತೊಡಗಿದ. ಗಂಡಸರು ನಮ್ಮಲ್ಲಿ ಹಾಗೆ ಕೂರುತ್ತಿರಲಿಲ್ಲ. ಅಮ್ಮ ಬೇಡ ಎನ್ನಲಿಲ್ಲ. ಅಷ್ಟು ದೊಡ್ಡ ಬೆರಳುಗಳಲ್ಲಿ ಆ ಸಣ್ಣ ಕತ್ತರಿ ನೋಡಲಾಗದೆ ನಾನು ಬಾಗಿಲ ಕಡೆ ತಿರುಗಿದೆ. ಬಸ್ಸು ಹೊರಟ ಸದ್ದು ಕೇಳಿಸಿತು. ಆಮೇಲೆ ಅಷ್ಟು ದಿನಗಳಿಂದ ನನ್ನೊಳಗೆ ಇದ್ದದ್ದನ್ನು ಕೇಳಿದೆ.

“ಅಣ್ಣಾ, ಆ ದಿನ ಮಾವ ಕೂಗಿದ್ದು ನಿನಗೆ ಕೇಳಿತ್ತಾ?”

“ಕೇಳಿತ್ತು.”

“ಕುಶಾಲಪ್ಪ ಹೊಡೆಯುವ ಮೊದಲೇ?”

“ಮೊದಲೇ.”

ಅಮ್ಮನ ಕೈ ನೂಲಿನ ಮೇಲೆ ನಿಂತಿತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು, ಆ ಕ್ಷಣಕ್ಕೆ ಅವನ ಮೇಲೆಯೂ.

“ಹಿಡಿದ್ರೆ ನಿನ್ನ ಆಟವೇ ಮುಗಿಯಿತು ಅಂತ ಗೊತ್ತಿದ್ದು ಹಿಡಿದದ್ದಾ? ಬಿಟ್ಟುಬಿಟ್ಟಿದ್ರೆ ಯಾರಿಗೆ ಗೊತ್ತಾಗ್ತಿತ್ತು? ಅಷ್ಟು ಕೆಸರಲ್ಲಿ?”

ಅಣ್ಣ ಕತ್ತರಿಸಿದ ಎಲೆಯನ್ನು ಮೊರದಲ್ಲಿಟ್ಟ. ನಾನು ಏನು ಕೇಳುತ್ತಿದ್ದೇನೆಂಬುದೇ ಅವನಿಗೆ ಪೂರ್ತಿ ಅರ್ಥವಾಗದ ಹಾಗೆ ನನ್ನ ಮುಖ ನೋಡಿದ.

“ಬಾಲ್ ಬಂತಲ್ಲ ಸರೋಜ,” ಎಂದ. “ಬರುವಾಗ ಬಿಡುದು ಹೇಗೆ?”